ಸುರುಕ್ಕಲ್ಲ, ಚುರುಕು

ಹೆಸರು ಗುಣವತಿ, ಗುಣ ಮಾತ್ರ ಸೂಜಿಮೆಣಸು. ಕುಂದಾಪುರದ ಕಡೆಯ ಈ ಹುಡುಗಿ 2005ರಲ್ಲಿ ಚೆನ್ನೈನ ಕೋಡಂಬಾಕ್ಕಂನಲ್ಲಿದ್ದ ನಮ್ಮ ಪುಟ್ಟ ಆಫೀಸಿಗೆ ವೆಬ್ ಪುಟ ಮಾಡುವ ಕೆಲಸಕ್ಕೆ ಬಂದಳು. ಪಕ್ಕದ ಕುರ್ಚಿ ನನ್ನದು; ಅವಳ ಬಾಯಿಗೆ ಸಿಕ್ಕವರಲ್ಲಿ ನಾನೇ ಮೊದಲಿಗ.

ಅವಳ ಪಾಲಿಗೆ ಬಂದದ್ದು ಪೋರೂರಿನಲ್ಲಿ ಊಟದ ಹೋಟೆಲು ಇಟ್ಟಿದ್ದ ಕನ್ನಡಿಗ ಕಿಟ್ಟಣ್ಣನವರ ವೆಬ್‌ಸೈಟು. ಇಂಗ್ಲಿಷಿನ ಕೆಳಗೆ ಕನ್ನಡ ಇರಲೇಬೇಕು ಎಂಬುದು ಅವರ ಹಟ. "ಬೋರ್ಡಲ್ಲಿ ಕನ್ನಡಕ್ಕೆ ಜಾಗ ಸಿಕ್ಕಲಿಲ್ಲ ಮಾರಾಯ್ತಿ, ಇದರಲ್ಲಾದ್ರೂ ಇರ್ಲಿ" ಎಂದಿದ್ದರು. ಆದರೆ ಪೋರೂರಿನ ಬ್ರೌಸಿಂಗ್ ಸೆಂಟರಿನಲ್ಲಿ ಆ ಪುಟ ತೆರೆಯುವಷ್ಟರಲ್ಲಿ ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿತ್ತು.

ನಮ್ಮ ಯಜಮಾನರು ಶಂಕರನಾರಾಯಣ. ಮೂರು ತಲೆಮಾರಿನಿಂದ ಚೆನ್ನೈನಲ್ಲೇ ಇರುವ ಕನ್ನಡದವರು, ಮಾತಿನಲ್ಲಿ ಅರ್ಧ ತಮಿಳು. "ಪುಟ ಬರೋದು ತುಂಬ ಲೇಟು, ಆ ಕನ್ನಡಾನ ಸುರುಕ್ಕು ಮಾಡಮ್ಮ" ಎಂದು ಹೇಳಿ ಪರವೂರಿಗೆ ಹೋದರು. ತಮಿಳಿನ ಸುರುಕ್ಕು ಎಂದರೆ ಕುಗ್ಗಿಸುವುದು. ಹೊಸಬಳಾದ ಗುಣವತಿಯ ಕಿವಿಗೆ ಬಿದ್ದದ್ದು ನಮ್ಮ ಚುರುಕು!

ಟೊಂಕ ಕಟ್ಟಿ ನಿಂತಳು. ಅವಳಿಗಿಂತ ಮೊದಲು ಈ ಕೆಲಸದಲ್ಲಿದ್ದವನು ಪ್ರತಿ ಸಾಲಿಗೂ ಬಣ್ಣ, ಗಾತ್ರ ಎಂದು ಒಂದೇ ಮಾತನ್ನು ನೂರು ಸಲ ಬರೆದಿಟ್ಟಿದ್ದ. ಅದನ್ನೆಲ್ಲ ಕಿತ್ತು ಸ್ಟೈಲ್‌ಶೀಟ್ ಎಂಬ ಒಂದೇ ಕಡತಕ್ಕೆ ಹಾಕಿದಳು. ಬ್ರೌಸರ್ ಅದನ್ನು ಒಮ್ಮೆ ತಂದುಕೊಂಡರೆ ಉಳಿದ ಪುಟಗಳಿಗೂ ಅದೇ ಸಾಕು. ಕನ್ನಡದ ಅಕ್ಷರ ಇಂಗ್ಲಿಷಿನ ಮೂರರಷ್ಟು ಜಾಗ ತಿನ್ನುವುದು ನಿಜ. ಅದಕ್ಕೆ, ಹಾಸಿಗೆ ಸುತ್ತಿ ಕಟ್ಟುವ ಹಾಗೆ ಪುಟವನ್ನು ಒತ್ತಿ ಕಳಿಸಲು ಅದನ್ನು ಇಟ್ಟಿದ್ದ ಸರ್ವರ್ ಕಂಪ್ಯೂಟರಿಗೆ ಹೇಳಿದಳು. ನೋಡುವವರ ಕಡೆಯ ಬ್ರೌಸರ್ ಅದನ್ನು ಬಿಚ್ಚಿಕೊಳ್ಳುತ್ತದೆ. ಫೋಟೋಗಳು ಈ ಒತ್ತಾಟಕ್ಕೆ ಬಗ್ಗುವುದಿಲ್ಲ, ಅಕ್ಷರ ಬಗ್ಗುತ್ತದೆ.

ಯಜಮಾನರು ಬಂದು ಪುಟ ತೆರೆದರು. ಥಟ್ಟನೆ ಬಂತು. ನಗುತ್ತ ಪುಟವನ್ನು ಕೆಳಕ್ಕೆ ಸರಿಸಿದರು. ಕನ್ನಡ ಪೂರ್ತಿ ಹಾಗೇ ಇತ್ತು. ಮುಖ ಹುಳಿಯಾಯಿತು.

"ನಾ ಸುರುಕ್ಕು ಅಂದೆ! ಕತ್ತರಿಸಿ ಚಿಕ್ಕದು ಮಾಡು ಅಂತ! ಎರಡು ಸಾಲು ಸಾಕು."

"ಬೇಗ ಬರ್ತದಲ್ಲ ಸಾರ್, ಮತ್ತೆ ಎಂತಕ್ಕೆ?"

"ಬೇಗ ಬಂತು, ಸರಿ. ಆದ್ರೆ ಈ ಊರಲ್ಲಿ ಕನ್ನಡ ಯಾರಮ್ಮ ಓದ್ತಾರೆ?"

ಅಂದರೆ ವೇಗವೆಲ್ಲ ಬರೀ ನೆಪ. ಗುಣವತಿಯ ಕೆಲಸ ಆಗಿನ್ನೂ ಖಾಯಂ ಆಗಿರಲಿಲ್ಲ. ಆದರೂ ಎದ್ದು ನಿಂತಳು.

"ಸುರುಕ್ಕು ಅಂದ್ರೆ ಎಂತ ಅಂತ ಈಗ ಗೊತ್ತಾಯ್ತು ಸಾರ್. ಗೊತ್ತಾಗಿಯೇ ಹೇಳ್ತೇನೆ, ನಾನು ತೆಗೆಯುದಿಲ್ಲ. ಬೇಕಾದ್ರೆ ನನ್ನನ್ನೇ ತೆಗೀರಿ."

"ಸರಿ, ನಾನೇ ತೆಗೀತೀನಿ." ಅವರು ಮೌಸ್ ಎಳೆದುಕೊಂಡರು.

"ತೆಗೀರಿ. ಇಡುದು ಯಾವ ಎರಡು ಸಾಲು? ಓದಿ ಹೇಳಿ."

ಮೌಸ್ ಅಲ್ಲಾಡಲಿಲ್ಲ. ಶಂಕರನಾರಾಯಣರಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅವರು ಪರದೆಯ ಮೇಲಿನ ಸಾಲಿಗೆ ಬೆರಳಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು, "ಮೊದಲನೇದು ಏನಮ್ಮ ಅದು?"

"ಬನ್ನಿ, ಕುಳಿತುಕೊಳ್ಳಿ, ಹೊಟ್ಟೆ ತುಂಬ ಉಣ್ಣಿ."

"ಎರಡನೇದು?"

ಗುಣವತಿ ತನ್ನ ಕುರ್ಚಿಯನ್ನು ಅವರ ಕಡೆ ತಳ್ಳಿದಳು.

"ಕೂತ್ಕೊಳ್ಳಿ ಸಾರ್. ಅ ಆ ಇ ಈಯಿಂದ ಸುರು ಮಾಡುವ."