ಒಂದು ಕಾಲು ಚಪ್ಪಲಿಯಲ್ಲಿ

ನನ್ನ ಸೋದರತ್ತೆ ಯಾರ ಮನೆಗೆ ಹೋದರೂ ಜಗಲಿಯ ತುದಿಯಲ್ಲೇ ಕೂರುತ್ತಿದ್ದಳು. ಎಡಗಾಲು ಮಡಚಿ ಜಗಲಿಯ ಮೇಲೆ. ಬಲಗಾಲು ಮಾತ್ರ ಕೆಳಗೆ, ಚಪ್ಪಲಿಯೊಳಗೆ. ಒಡೆದ ಹಿಮ್ಮಡಿ, ಎಷ್ಟು ತೊಳೆದರೂ ಸೆಗಣಿಯ ಬಣ್ಣ ಬಿಡದ ಉಗುರು. ಆ ಹೆಬ್ಬೆರಳು ಚಪ್ಪಲಿಯ ಉಂಗುಷ್ಟವನ್ನು ಕಚ್ಚಿಕೊಂಡು ಸದಾ ಆಡುತ್ತಲೇ ಇರುತ್ತಿತ್ತು. ಬಾಯಿ ಎದುರಿನವರ ಜೊತೆ ಮಾತಾಡುತ್ತಿದ್ದರೂ ಆ ಕಾಲು ಆಗಲೇ ಅರ್ಧ ದಾರಿ ಹೋಗಿರುತ್ತಿತ್ತು. “ಒಳಕ್ಕೆ ಬಾರವ್ವ, ಚಪ್ಪಲಿ ಬುಟ್ಟು ಬಾ” ಎಂದು ಕರೆದರೆ, “ಇಲ್ಲೇ ಸರಿ ಬುಡಿ, ಬಸ್ಸು ಬಂದ್ಬುಡ್ತದೆ” ಅನ್ನುವಳು. ಬಸ್ಸಿಗೆ ಇನ್ನೂ ಎಷ್ಟು ಹೊತ್ತಿದ್ದರೂ ಅದೇ ಮಾತು.

ಅವಳು ನಮ್ಮಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಒಂದು ಹಸುವಿನ ಹಗ್ಗ ಹಿಡಿದುಕೊಂಡು ತವರಿಗೆ ಬಂದವಳು. ನಮ್ಮೂರು ಕೊಪ್ಪದ ಹತ್ತಿರ, ಟಿಬೆಟಿನವರ ಕ್ಯಾಂಪಿಗೆ ಹೊಲ ಅಂಟಿಕೊಂಡ ಹಳ್ಳಿ. ನಾನು ಇನ್ನೂ ಸರಿಯಾಗಿ ಮಾತು ಕಲಿಯುವ ಮುಂಚೆ ಅಮ್ಮ ತೀರಿಕೊಂಡಳು. ಆಮೇಲೆ ನನಗೆ ಅಮ್ಮ ಅಂದರೆ ಅತ್ತೆಯೇ. ಜಡೆ ಹೆಣೆಯುವಾಗಲೂ ನಿಂತೇ ಹೆಣೆಯುತ್ತಿದ್ದಳು, ಬೈಯುವಾಗ ನಡೆಯುತ್ತಾ ಬೈಯುತ್ತಿದ್ದಳು. ಹಾಗಾಗಿ ಅರ್ಧ ಬೈಗುಳ ನನಗೆ ತಲುಪುತ್ತಲೇ ಇರಲಿಲ್ಲ.

ಅವಳ ಹಸುಗಳು ಬೇರೆಯವರ ಕೈ ತಾಗಿದರೆ ಒದೆಯುತ್ತಿದ್ದವು. ಅವಳೇ ಹಾಗೆ ರೂಢಿ ಮಾಡಿದ್ದಳು ಎಂದು ನನ್ನ ಗುಮಾನಿ. ಬೆಳಗಿನ ಹಾಲು ಕರೆದು ಹೊರಟರೆ ಸಂಜೆಯ ಹಾಲಿಗೆ ವಾಪಸ್ಸಿರಬೇಕು. ಅವಳ ಲೋಕಸಂಚಾರವೆಲ್ಲ ಅಷ್ಟರೊಳಗೆ. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ, ಮೈಸೂರು, ಆ ಕಡೆ ಮಡಿಕೇರಿ, ಅವಳು ನೋಡದ ಊರಿರಲಿಲ್ಲ, ಮಲಗಿದ ಊರೂ ಇರಲಿಲ್ಲ. “ಊರು ನೋಡೋಕೆ ಕಣ್ಣು ಸಾಕು ಕಣಮ್ಮಿ, ಚಾಪೆ ಯಾಕೆ?” ಅನ್ನುತ್ತಿದ್ದಳು.

ನಮ್ಮ ಕಡೆ ನೆಂಟರನ್ನು ನಿಲ್ಲಿಸಿಕೊಳ್ಳುವುದಕ್ಕೆ ಒಂದು ಉಪಾಯವಿದೆ. ಬಾಯಲ್ಲಿ ಹೇಳಿದರೆ ಯಾರು ನಿಲ್ಲುತ್ತಾರೆ? ಚಪ್ಪಲಿಯನ್ನೋ ಚೀಲವನ್ನೋ ಬಚ್ಚಿಟ್ಟುಬಿಡುವುದು. ನೆಂಟರು ಹುಡುಕುತ್ತಾ ಇರುವಾಗ ಇನ್ನೊಂದು ಲೋಟ ಕಾಫಿ, ಇನ್ನೊಂದು ತುತ್ತು, ಅಷ್ಟರಲ್ಲಿ ಕಡೇ ಬಸ್ಸು ಹೋಗಿರುತ್ತದೆ. ಮನೆಯವರು ನಗುತ್ತಾ ಅಟ್ಟದಿಂದ ಚಪ್ಪಲಿ ತೆಗೆದುಕೊಡುತ್ತಾರೆ, ರಾತ್ರಿಗೆ ಕೋಳಿ ಕೊಯ್ಯುತ್ತಾರೆ. ಹಾಗೆ ಬಚ್ಚಿಡದಿದ್ದರೆ ಪ್ರೀತಿ ಸಾಲದು ಎಂದು ಬೇಸರಪಟ್ಟುಕೊಳ್ಳುವ ನೆಂಟರೂ ಇದ್ದಾರೆ. ಅತ್ತೆ ಮಾತ್ರ ಈ ಪ್ರೀತಿಗೆ ಹೆದರಿ ಓಡುವವಳು.

ಹೀಗೆ ಕಾಲು ಸುಟ್ಟ ಬೆಕ್ಕಿನಂತೆ ತಿರುಗುವವಳನ್ನು “ಕೂತ್ಕೋ” ಎಂದು ಕೂರಿಸುವ ಧೈರ್ಯ ಒಬ್ಬಳಿಗೇ ಇತ್ತು. ಅವಳು ಕ್ಯಾಂಪಿನವಳು. ಕಾಡು ಕಡಿದು ಕ್ಯಾಂಪು ಕಟ್ಟಿದ ಮೊದಲ ವರ್ಷಗಳಲ್ಲಿ ಅತ್ತೆ ಅವಳ ಮನೆಗೆ ಹಾಲು, ಬೆಣ್ಣೆ ಹಾಕುತ್ತಿದ್ದಳಂತೆ. ಒಬ್ಬಳ ಭಾಷೆ ಇನ್ನೊಬ್ಬಳಿಗೆ ಬಾರದು. ಅವಳು ಮೊದಲ ಸಲ ಉಪ್ಪು ಬೆಣ್ಣೆಯ ಟೀ ಕೊಟ್ಟಾಗ ಅತ್ತೆ ಉಗುಳಿದಳು, ಅವಳು ಬಿದ್ದು ಬಿದ್ದು ನಕ್ಕಳು, ಅಲ್ಲಿಂದ ಸ್ನೇಹ. ಮುಸುಕಿನ ಜೋಳಕ್ಕೆ ಆನೆ ಬಂದರೆ ಇಬ್ಬರೂ ಒಟ್ಟಿಗೆ ಡಬ್ಬ ಬಡಿಯುತ್ತಿದ್ದರು. ಚಳಿಗಾಲದಲ್ಲಿ ಅವಳು ದೂರದ ಊರುಗಳಿಗೆ ಸ್ವೆಟರ್ ಮಾರಲು ಹೋದರೆ ಅವಳ ಮಗಳು ನಮ್ಮ ಮನೆಯಲ್ಲಿ ಮುದ್ದೆ ಉಂಡುಕೊಂಡು ಇರುತ್ತಿದ್ದಳು. “ಅಕ್ಕ, ಕೂತ್ಕೋ. ನೀ ಯಾಕೆ ಯಾವಾಗ್ಲೂ ಹೋಗ್ತೀ?” ಎಂದು ಅವಳು ತನ್ನ ಮುರುಕು ಕನ್ನಡದಲ್ಲಿ ಕೇಳಿದರೆ ಅತ್ತೆ ಬೈದುಕೊಂಡೇ ಎರಡೂ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದಳು. ಆಗೆಲ್ಲ ಇನ್ನೂ ಚಪ್ಪಲಿ ಬಿಡುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಆ ಮಗಳು ಸ್ವಿಟ್ಜರ್ಲೆಂಡಿನಲ್ಲಿ ನೆಲೆನಿಂತು ತಾಯಿಯನ್ನು ಕರೆಸಿಕೊಂಡಳು. ಹೊರಡುವ ದಿನ ಗೊತ್ತಾಗಿತ್ತು. ಆದರೆ ಟಿಕೆಟ್ಟಿನ ಗಡಿಬಿಡಿಯಲ್ಲಿ ಒಂದು ದಿನ ಮುಂಚೆಯೇ ಜೀಪು ಬಂತು. ಅತ್ತೆ ಅವತ್ತು ಹೊಸ ಅಗ್ರಹಾರದ ನೆಂಟರ ಮನೆಗೆ ಹೋಗಿದ್ದಳು. ಕ್ಯಾಂಪಿನಾಕೆ ಮಧ್ಯಾಹ್ನದಿಂದ ನಮ್ಮ ಜಗಲಿಯಲ್ಲಿ ಕಾದಳು. ನಾನು ಆಗ ನರ್ಸಿಂಗ್ ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. “ಅತ್ತೆ ಸಂಜೆ ಹಾಲಿಗೆ ಬಂದೇ ಬತ್ತಾಳೆ, ಯಾವತ್ತೂ ತಪ್ಪಿಸಿಲ್ಲ” ಎಂದು ನಾನೇ ಹೇಳಿ ಕೂರಿಸಿದೆ. ಹಸು ಕೂಗಿತು, ಕತ್ತಲಾಯಿತು, ಜೀಪಿನವನು ಹಾರ್ನ್ ಹೊಡೆದ. ಅವಳು ಕೊಟ್ಟಿಗೆಗೆ ಹೋಗಿ ಹಸುವಿನ ಬೆನ್ನು ಸವರಿ ಹೊರಟುಹೋದಳು.

ಅಲ್ಲಿ ಹೊಸ ಅಗ್ರಹಾರದಲ್ಲಿ ಮಕ್ಕಳು ಅತ್ತೆಯ ಚಪ್ಪಲಿಯನ್ನು ಭತ್ತದ ವಾಡೆಯೊಳಗೆ ಹಾಕಿಬಿಟ್ಟಿದ್ದರು, ಅದು ಸಿಗುವಷ್ಟರಲ್ಲಿ ಕಡೇ ಬಸ್ಸು ಹೋಗಿತ್ತು. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ ಅತ್ತೆಗೆ ನಾನು ವಿಷಯ ಹೇಳಿದೆ. ಅವಳು ಯಾರನ್ನೂ ಬೈಯಲಿಲ್ಲ. ಕ್ಯಾಂಪಿಗೆ ಹೋಗಿ ಬೀಗ ಹಾಕಿದ ಮನೆಯನ್ನು ನೋಡಿಕೊಂಡು ಬಂದಳು. ಅವತ್ತಿನಿಂದಲೇ ಅವಳ ಬಲಗಾಲು ಯಾರ ಮನೆಯಲ್ಲೂ ಚಪ್ಪಲಿ ಬಿಡಲಿಲ್ಲ.

ನಾನು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಸೇರಿದ್ದು ಎರಡು ಸಾವಿರದ ಆಚೆ. ಮಗುವಿಗೆ ಏಳು ತಿಂಗಳಾಗಿ ನಾನು ಡ್ಯೂಟಿಗೆ ಮರಳುವಾಗ ಅತ್ತೆಯನ್ನು ಕರೆದೆ. ಅವಳು ನನ್ನ ಕಷ್ಟ ನೋಡಲಿಲ್ಲ, ಹಸುಗಳ ಕಡೆ ನೋಡಿದಳು. ಎರಡೂ ಗಬ್ಬವಾಗಿ ಹಾಲು ಬತ್ತಿದ್ದವು. “ಕರ ಹಾಕೋ ಗಂಟ ಇರ್ತೀನಿ, ಅಷ್ಟೇ” ಎಂದು ಬಂದಳು.

ಬಂದ ಒಂದು ತಿಂಗಳಿಗೆ ಜೂರಿಕ್‌ನಿಂದ ಫೋನ್ ಬಂತು. ಕ್ಯಾಂಪಿನಾಕೆಯ ಮಗಳು. ತಾಯಿಗೆ ವಾಸಿಯಾಗದ ಕಾಯಿಲೆ, ಡಾಕ್ಟರು ಕೈ ಬಿಟ್ಟಿದ್ದಾರೆ. ಅತ್ತೆ ರಿಸೀವರ್ ಇಟ್ಟು, “ಎಷ್ಟೊತ್ತಿಗದೆ ಬಸ್ಸು?” ಎಂದಳು. ಬಸ್ಸಲ್ಲ, ವಿಮಾನ, ಅದಕ್ಕೂ ಮೊದಲು ವೀಸಾ ಎಂದು ಹೇಳಿದೆ. ವೀಸಾ ಕೈಗೆ ಬರಲು ಒಂದು ವಾರ ಹಿಡಿಯಿತು. ಆ ವಾರ ಅವಳು ನಮ್ಮ ಪುಟ್ಟ ಮನೆಯೊಳಗೆ ಮಗುವನ್ನು ಎತ್ತಿಕೊಂಡು ನಡೆದ ದಾರಿ ಕೂಡಿಸಿದರೆ ಪಿರಿಯಾಪಟ್ಟಣದಿಂದ ಹುಣಸೂರಿಗೆ ಹೋಗಿ ಬರಬಹುದಿತ್ತು.

ನನ್ನ ಗಂಡನಿಗೆ ಸಿಕ್ಕಿದ್ದು ಒಂದೇ ದಿನದ ರಜೆ. ಆ ದಿನ ಮಗು ಅವನ ಪಾಲು. ನಾವಿಬ್ಬರೂ ಬೆಳಿಗ್ಗೆ ಹಾರಿ ಸಂಜೆಗೆ ವಾಪಸ್. “ಅಂಗಾದ್ರೆ ನಮ್ಮ ಲೆಕ್ಕಾನೇ ಆಯ್ತಲ್ಲ” ಎಂದು ಅತ್ತೆಗೆ ಸಮಾಧಾನವಾಯಿತು. ಗಂಡ ವಿಮಾನ ನಿಲ್ದಾಣದ ಲೌಂಜಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದ. ಲೌಂಜು ಅಂದರೆ ದೊಡ್ಡ ಟಿಕೆಟ್ಟಿನವರು ಕಾಯುವ ಒಳಮನೆ. ಅಲ್ಲಿಗೆ ನಮಗಿಬ್ಬರಿಗೆ ಪಾಸು ಮಾಡಿಸಿಕೊಟ್ಟು, “ಚೆನ್ನಾಗಿ ತಿಂದು ಹೋಗಿ ಅತ್ತೆ, ಎಲ್ಲಾ ಪುಕ್ಕಟೆ” ಎಂದು ಬೀಗಿದ. ಪಾಪ, ಅವನಿಗೇನು ಗೊತ್ತು.

ನಿಲ್ದಾಣ ತಲುಪುವಾಗಲೇ ಮಂಜು ಕವಿದಿತ್ತು. ಲೌಂಜಿನೊಳಗೆ ಮೆತ್ತನೆಯ ಕುರ್ಚಿಗಳು, ಹಣ್ಣು, ಬ್ರೆಡ್ಡು, ಹತ್ತು ಬಗೆಯ ಪಾನೀಯ. ಅತ್ತೆ ಬಾಗಿಲಲ್ಲೇ ನಿಂತಳು.

“ಯಾರ ಮನೆ ಇದು?”

“ಮನೆಯಲ್ಲ ಅತ್ತೆ. ವಿಮಾನ ಬರೋ ತನಕ ಕೂರೋ ಜಾಗ. ಏನು ಬೇಕಾದ್ರೂ ತಿನ್ನು.”

“ಯಾರು ಕರೆದ್ರು ನಮ್ಮ?”

ಅಷ್ಟರಲ್ಲಿ ಅಲ್ಲಿನ ಹುಡುಗಿ ನಗುಮುಖದಿಂದ ಬಂದು, ಕೋಟು ಚೀಲ ಕೊಡಿ, ಒಳಗೆ ಇಡುತ್ತೇನೆ ಎಂದು ಕೈ ಚಾಚಿದಳು. ಅತ್ತೆ ಚೀಲವನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಹೋದಳು. ಅದರೊಳಗೆ ಊರಿಂದ ತಂದಿದ್ದ ತುಪ್ಪದ ಡಬ್ಬಿಯಿತ್ತು.

“ನೋಡ್ದಾ? ಮೊದ್ಲು ಚೀಲ ಈಸ್ಕೋತಾರೆ. ಆಮೇಲೆ ತಿನ್ನಿ ಅಂತಾರೆ. ಆಮೇಲೆ ಬಸ್ಸು ಹೋಯ್ತು ಅಂತಾರೆ. ನಂಗೊತ್ತಿಲ್ವ?”

ನನಗೆ ನಗು ಬಂತು. ಗೋಡೆಯ ಪರದೆಯ ಮೇಲೆ ನಮ್ಮ ವಿಮಾನ ತಡ ಎಂದು ತೋರಿಸಿದಾಗ ನಗು ನಿಂತಿತು. ಅತ್ತೆಗೆ ತನ್ನ ಮಾತು ನಿಜವಾಯಿತು ಅನ್ನಿಸಿತು. ಎಲ್ಲರೂ ಪೇಪರ್ ಓದುತ್ತಾ ಕಾಫಿ ಹೀರುತ್ತಿದ್ದರೆ ಅವಳು ಬಾಗಿಲಿಗೂ ಕಿಟಕಿಗೂ ಓಡಾಡಿದಳು. ಕಿಟಕಿಯಾಚೆ ಬರೀ ಬಿಳುಪು. ಸಮವಸ್ತ್ರ ತೊಟ್ಟವರು ಯಾರು ಕಂಡರೂ ಕೈ ಹಿಡಿದು, “ಬುಟ್ಟೋಗಬ್ಯಾಡ್ರವ್ವ, ನಾವಿಲ್ಲೇ ಇದ್ದೀವಿ” ಎಂದು ಕನ್ನಡದಲ್ಲೇ ಹೇಳಿದಳು. ಅವರು ನಕ್ಕು ಜ್ಯೂಸ್ ತಂದುಕೊಟ್ಟರು. ಉಪಚಾರ ಹೆಚ್ಚಿದಷ್ಟೂ ಅವಳ ಭಯ ಹೆಚ್ಚಿತು. ತಡ ಒಂದು ಗಂಟೆಯಿಂದ ಎರಡಕ್ಕೆ, ಎರಡರಿಂದ ಇನ್ನೂ ಮುಂದಕ್ಕೆ ಹೋಯಿತು. ಕೊನೆಗೆ ನನಗೂ ಸಿಟ್ಟು ಬಂತು.

“ನೀನು ನಿಂತ್ರೆ ಮಂಜು ಕರಗಲ್ಲ ಅತ್ತೆ, ಕೂತ್ಕೋ.”

“ಕೂತ್ರೆ ಕರಗ್ತದಾ?”

ಇನ್ನೊಂದು ಸಲ ಕಿಟಕಿಗೆ ಹೋಗಿ, ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಒಂದ್ಸಲ ಕಾದು ಕಾದು ಹೋದ್ಲು ಕಣಮ್ಮಿ. ಈಗ್ಲೂ ಕಾಯ್ತಾವ್ಳೆ. ಇವತ್ತೂ ತಪ್ಪೋದ್ರೆ ನಾ ಏನ್ಮಾಡ್ಲಿ?” ಆಮೇಲೆ ನಾನೂ ಏನೂ ತಿನ್ನಲಿಲ್ಲ. ಇಬ್ಬರೂ ಬಾಗಿಲ ಬಳಿ ನಿಂತೆವು.

ಅರ್ಧ ಹಗಲು ಕಳೆಯುವ ಹೊತ್ತಿಗೆ ವಿಮಾನ ಹೊರಟಿತು. “ನಡುವೆ ಟೀಗೆ ನಿಲ್ಲಿಸಾಕಿಲ್ಲ ತಾನೆ?” ಎಂದು ಕೇಳಿದಳು. ಇಲ್ಲ ಅಂದೆ. “ಒಳ್ಳೇದಾಯ್ತು” ಅಂದಳು.

ಆಸ್ಪತ್ರೆಯ ಕೋಣೆಯ ಬಾಗಿಲಲ್ಲಿ ಮಗಳು ನಮ್ಮ ಮನೆಯ ಕನ್ನಡದಲ್ಲೇ, “ಅವ್ವ ಮೂರು ದಿನದಿಂದ ಮಾತಾಡ್ತಿಲ್ಲ” ಎಂದಳು. ಹಾಸಿಗೆಯ ಮೇಲೆ ಹಿಡಿಯಷ್ಟಾಗಿದ್ದ ಮುದುಕಿ, ಕಣ್ಣು ಮುಚ್ಚಿತ್ತು. ಅತ್ತೆ ಎರಡೂ ಚಪ್ಪಲಿ ಬಾಗಿಲಲ್ಲಿ ಬಿಟ್ಟಳು. ಡಬ್ಬಿ ತೆಗೆದು, ಬೆರಳ ತುದಿಯ ತುಪ್ಪವನ್ನು ಅವಳ ಒಣಗಿದ ತುಟಿಗೆ ಸವರಿದಳು. ನರ್ಸ್ ಆಗಿ ನಾನು ತಡೆಯಬೇಕಿತ್ತೋ ಏನೋ, ತಡೆಯಲಿಲ್ಲ. ಮುದುಕಿ ಕಣ್ಣು ಬಿಟ್ಟು ಬಹಳ ಹೊತ್ತು ನೋಡಿದಳು. ಆಮೇಲೆ ಅಂಗೈಯಿಂದ ಹಾಸಿಗೆಯನ್ನು ಮೆಲ್ಲಗೆ ತಟ್ಟಿದಳು.

“ಕೂತಿವ್ನಿ ಕಣೆ” ಅಂದಳು ಅತ್ತೆ. “ಎಲ್ಗೂ ಓಗಾಕಿಲ್ಲ.”

ನಾನು ಗಡಿಯಾರ ನೋಡುತ್ತಾ ನಿಂತಿದ್ದೆ. ಮಂಜು ನಮ್ಮ ಹೊತ್ತನ್ನೆಲ್ಲ ತಿಂದಿತ್ತು. “ಹೊತ್ತಾಯ್ತು ಅತ್ತೆ” ಎಂದು ಕೊನೆಗೆ ನಾನೇ ಹೇಳಬೇಕಾಯಿತು, ಜೀವಮಾನವೆಲ್ಲ ಅವಳು ಹೇಳಿದ್ದ ಮಾತನ್ನು. ಅವಳು ತಲೆಯೆತ್ತಲಿಲ್ಲ.

“ನೀನೋಗು. ಮಗ ಕಾಯ್ತದೆ. ನಾ ಇರ್ತೀನಿ.”

“ಒಬ್ಳೇ ಹೆಂಗೆ ಬರ್ತೀಯ?”

“ಇಷ್ಟು ಜನ ಬರಾಕಿಲ್ವ?”

ಮಗಳು ತಾನು ವಿಮಾನ ಹತ್ತಿಸುತ್ತೇನೆಂದು ನನ್ನ ಭುಜ ಹಿಡಿದಳು. ನಾನು ಒಬ್ಬಳೇ ಹೊರಟೆ. ಆ ಕಡೆಯ ಲೌಂಜಿನಲ್ಲೂ ಪಾಸು ನಡೆಯುತ್ತಿತ್ತು. ತಟ್ಟೆ ತುಂಬ ಬಡಿಸಿಕೊಂಡು, ಬೆಳಗಿನಿಂದ ಬಿಟ್ಟಿದ್ದನ್ನೆಲ್ಲ ತಿನ್ನುತ್ತಾ ಅಳುತ್ತಾ ಕೂತೆ. ಯಾಕೆ ಅಳು ಎಂದು ನನಗೇ ತಿಳಿಯಲಿಲ್ಲ, ದುಃಖಕ್ಕಿಂತ ಹೆಚ್ಚು ಹೊಟ್ಟೆಕಿಚ್ಚು ಇರಬೇಕು. ನನ್ನ ಪಕ್ಕ ಅವಳು ಹಾಗೆ ಕೂತದ್ದು ನನಗೆ ನೆನಪಿರಲಿಲ್ಲ.

ಕ್ಯಾಂಪಿನಾಕೆ ಮೂರನೆಯ ದಿನ ಬೆಳಗಿನ ಜಾವ ಹೋದಳು. ಅದರ ಮಾರನೆಯ ದಿನ ಅತ್ತೆ ವಾಪಸ್ಸು ಬಂದಳು, ಎಲ್ಲರಿಗಿಂತ ಮುಂದೆ, ಓಡುನಡಿಗೆಯಲ್ಲಿ. ಅಷ್ಟು ದಿನ ಏನು ಮಾತಾಡಿದಿರಿ ಎಂದು ಕೇಳಿದೆ. “ಏನೂ ಇಲ್ಲ ಕಣಮ್ಮಿ. ಅವಳು ಮಲಗಿದ್ಲು, ನಾ ಕೂತಿದ್ದೆ. ಎದ್ದೋಗೋ ಕೆಲಸ ಇರ್ನಿಲ್ಲ.” ಅಷ್ಟು ಹೇಳಿ ಮಗುವಿನ ಬಟ್ಟೆ ಒಗೆಯಲು ಎದ್ದಳು. ಹಸು ಕರ ಹಾಕುವ ಮುಂಚೆ ಊರಿಗೂ ಹೋದಳು.

ಕೆಲವು ವರ್ಷಗಳ ಮೇಲೆ ಒಂದು ದಿನ, ಬೆಳಗಿನ ಹಾಲು ಕರೆದು ಮೈಸೂರಿಗೆಂದು ಕೊಪ್ಪದಲ್ಲಿ ಬಸ್ಸು ಹತ್ತಿದವಳು ಸೀಟಿನಲ್ಲೇ ತೀರಿಕೊಂಡಳು. ಹುಣಸೂರಿನಲ್ಲಿ ಕಂಡಕ್ಟರಿಗೆ ಗೊತ್ತಾಯಿತಂತೆ. ಎಷ್ಟೇ ಬೇಗ ವಿಮಾನ ಹತ್ತಿದರೂ ನಾನು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ನನ್ನನ್ನು ಸಾಕಿದವಳು ಯಾರೂ ಪಕ್ಕದಲ್ಲಿಲ್ಲದೆ ಹೋದಳಲ್ಲ ಎಂಬುದೊಂದೇ ನನ್ನನ್ನು ಕೊರೆಯುತ್ತಿತ್ತು. ಎಷ್ಟೋ ಅಪರಿಚಿತರ ಕೊನೆಗಾಲದಲ್ಲಿ ಕೈ ಹಿಡಿದು ಕೂತ ನರ್ಸ್ ನಾನು, ಇವಳಿಗೆ ಒದಗಲಿಲ್ಲ.

ಹನ್ನೊಂದನೆಯ ದಿನದ ತಿಥಿಗೆ ಗುರುತಿಲ್ಲದ ಹೆಂಗಸೊಬ್ಬಳು ಬಂದು ಜಗಲಿಯಲ್ಲಿ ಕೂತಿದ್ದಳು. ಸೊಪ್ಪು ಮಾರುವವಳು, ಅವತ್ತು ಬಸ್ಸಿನಲ್ಲಿ ಅತ್ತೆಯ ಪಕ್ಕದ ಸೀಟಿನವಳು. ಮನೆ ಹುಡುಕಿಕೊಂಡು ಬಂದಿದ್ದಳು.

“ನಾನು ಪಿರಿಯಾಪಟ್ಟಣದಲ್ಲಿ ಇಳೀಬೇಕಿತ್ತು ಕಣವ್ವ, ಸಂತೆ ದಿನ. ನಿಮ್ಮತ್ತೆ ನನ್ನ ಎಗಲ ಮ್ಯಾಲೆ ತಲೆ ಇಟ್ಟವ್ರೆ. ನಿದ್ದೆ ಅನ್ಕೊಂಡೆ. ಎಷ್ಟು ದಣಿದಿದ್ರೋ ಪಾಪ, ಎಬ್ಬಿಸೋದು ಬ್ಯಾಡ ಅಂತ ಇಳೀನಿಲ್ಲ. ಉಣಸೂರು ಗಂಟ ಅಂಗೇ ಕೂತಿದ್ದೆ, ಅಲ್ಲಾಡ್ನಿಲ್ಲ.”

ನಾನು ಅವಳ ಎರಡೂ ಕೈ ಹಿಡಿದುಕೊಂಡು, ಮತ್ತೆ ಸಂತೆ, ನಿನ್ನ ಸೊಪ್ಪು, ಎಂದು ಕೇಳಿದೆ.

“ಬಾಡೋಯ್ತು, ಬುಡವ್ವ” ಅಂದಳು.