ದುಂಡೇಶ ಹಾಕಿಸಿದ ಪೈಪು

ಗದಗದ ಕಡೆಯಿಂದ ಬಂದು ಬೆಂಗಳೂರಿನ ದೀಪಾಂಜಲಿ ನಗರದಲ್ಲಿ ನೆಲೆನಿಂತ ದುಂಡೇಶ ಬಲು ಸಮಾಧಾನಿ ಎಂದು ಎಲ್ಲರೂ ಹೇಳುತ್ತಿದ್ದರು. ಆ ಸಮಾಧಾನವನ್ನು ಕೆಡಿಸಿದ್ದು ಬಸವೇಶ್ವರನಗರದ ಒಂದು ಏರು.

ಅವನೂ ಅವನ ಹೆಂಡತಿ ಅಕ್ಕವ್ವನೂ ಪಿಕಪ್ಪು ಗಾಡಿಯಲ್ಲಿ ಈರುಳ್ಳಿ ಮಾರುವವರು. ನಸುಕಿನಲ್ಲೇ ಯಶವಂತಪುರದ ಮಾರುಕಟ್ಟೆ ಯಾರ್ಡಿಗೆ ಹೋಗಿ ಮಾಲು ತುಂಬಿಕೊಂಡು, ರಾಜಾಜಿನಗರ ಹಾದು ಚಂದ್ರಾ ಲೇಔಟಿನ ಬೀದಿಗಳಿಗೆ ಬರುತ್ತಾರೆ. ಅವನು ಓಡಿಸುತ್ತಾನೆ, ಅವಳು ತೂಗುತ್ತಾಳೆ. ಮಾಲು ಆರಿಸುವುದೂ ಚೌಕಾಸಿ ಮಾಡುವುದೂ ಅವಳೇ. ಒಳಗೊಂದು ಕೊಳೆತಿದ್ದರೆ ಚೀಲ ಬಿಚ್ಚುವ ಮೊದಲೇ ಮೂಸಿ ಹೇಳಿಬಿಡುವ ಹೆಂಗಸು.

ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಅಷ್ಟರಲ್ಲೇ ದುಂಡೇಶನ ತಾಯಿ ಲಿಂಗಮ್ಮ, ಜೊತೆಗೆ ಡೆಲಿವರಿ ಕೆಲಸಕ್ಕೆಂದು ಊರಿಂದ ಬಂದು ಬಿಡಾರ ಹೂಡಿದ ಅವನ ಅಕ್ಕನ ಮಕ್ಕಳು. ಗಂಡ ಹೆಂಡತಿ ಏನಾದರೂ ಪಿಸುಗುಟ್ಟಿದರೆ ಸಾಕು, ಚಾಪೆಯ ಮೇಲಿದ್ದವರ ಕಿವಿಗಳೆಲ್ಲ ನಿಮಿರುತ್ತಿದ್ದವು. ಹೀಗಾಗಿ ಅವರ ಸಂಸಾರ ನಡೆದದ್ದೆಲ್ಲ ಪಿಕಪ್ಪಿನ ಕ್ಯಾಬಿನ್ನಿನಲ್ಲಿ. ಮಗಳ ಮದುವೆ ನಿಶ್ಚಯವಾದದ್ದು ನವರಂಗ್ ಸಿಗ್ನಲ್ಲಿನಲ್ಲಿ. ಅತ್ತೆಯ ಮಾತು ಚುಚ್ಚಿ ಅಕ್ಕವ್ವ ಅತ್ತದ್ದು ವಿಜಯನಗರದ ಟೋಲ್‌ಗೇಟಿನ ಹತ್ತಿರ. ಅವನು ಅವಳನ್ನು ನಗಿಸಿದ್ದು ಅತ್ತಿಗುಪ್ಪೆ ಬರುವಷ್ಟರಲ್ಲಿ. ಮನೆಯಲ್ಲಿ ಮೂಕಿಯಂತಿರುತ್ತಿದ್ದ ಅಕ್ಕವ್ವ ಗಾಡಿ ಹತ್ತಿದರೆ ಅರಳು ಹುರಿದಂತೆ ಮಾತಾಡುವವಳು.

ಗಾಡಿಗೆ ವಯಸ್ಸಾಗಿತ್ತು. ಮೈತುಂಬ ಮಾಲು ಹೇರಿಕೊಂಡು ಏರು ಹತ್ತುವಾಗ ಮುಕ್ಕರಿಯುತ್ತಿತ್ತು. ಒಂದು ಬೆಳಗ್ಗೆ ಬಸವೇಶ್ವರನಗರದ ಏರಿನಲ್ಲಿ ಅದು ಹೀಗೆ ಏದುಸಿರು ಬಿಡುತ್ತಿದ್ದಾಗ, ದುಂಡೇಶನ ದಾಯಾದಿ ಫಕೀರೇಶ ತನ್ನ ಹೊಸ ಗಾಡಿಯಲ್ಲಿ ಪಕ್ಕಕ್ಕೆ ಬಂದ. ಅವನದೂ ಇದೇ ಈರುಳ್ಳಿ ವ್ಯಾಪಾರ. ಕಿಟಕಿಯಿಂದ ತಲೆ ಹಾಕಿ, "ಯಣ್ಣಾ, ಇಳದು ದೂಕ್ಲೇನು?" ಎಂದು ಕೇಳಿ ನಕ್ಕು ಮುಂದೆ ಹೋದ. ಅಕ್ಕವ್ವನೂ ನಕ್ಕಳು. ದುಂಡೇಶ ನಗಲಿಲ್ಲ.

ಕೆಂಗೇರಿಯಲ್ಲಿ ಗಿರಿರಾಜ್ ಎಂಬ ಹುಡುಗನ ಗ್ಯಾರೇಜು. ಲ್ಯಾಪ್‌ಟಾಪ್ ಚುಚ್ಚಿ ಎಂಜಿನ್ನಿಗೆ ಹೊಸ ಪ್ರಾಣ ತುಂಬುತ್ತಾನೆ ಎಂದು ಯಾರ್ಡಿನ ಡ್ರೈವರುಗಳ ನಡುವೆ ಅವನ ಹೆಸರು ಓಡಾಡುತ್ತಿತ್ತು. ದುಂಡೇಶ ಗಾಡಿಯನ್ನು ಅಲ್ಲಿಗೆ ಒಯ್ದ. ಹುಡುಗ ಪ್ರಾಮಾಣಿಕ. ಬಾನೆಟ್ ಎತ್ತಿ ನೋಡಿ, ಟರ್ಬೋದಿಂದ ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸು ಸೀಳಿರುವುದನ್ನು ತೋರಿಸಿದ. ಅದನ್ನು ಬದಲಾಯಿಸಿ, ಇಂಜೆಕ್ಟರ್ ತೊಳೆದು, ಏರ್ ಫಿಲ್ಟರ್ ಹೊಸದು ಹಾಕಿದರೆ ಮುಕ್ಕಾಲು ಕಾಯಿಲೆ ವಾಸಿ ಎಂದ. ಉಳಿದದ್ದಕ್ಕೆ ಸಾಫ್ಟ್‌ವೇರಿನಲ್ಲಿ ಒಂಚೂರು ತಿದ್ದಿದರಾಯಿತು.

"ಮತ್ತ ಆ ಪೈಪು?" ಎಂದ ದುಂಡೇಶ. ಗೋಡೆಯ ಮೇಲೆ ಫಳಫಳ ಹೊಳೆಯುವ, ಒಳಗೆ ಏನೂ ತಡೆಯಿಲ್ಲದ ಉದ್ದನೆಯ ಸೈಲೆನ್ಸರ್ ಪೈಪೊಂದು ನೇತಾಡುತ್ತಿತ್ತು.

"ಅದು ಬೇಡ ಕಣಣ್ಣ. ನಿಮ್ ಗಾಡೀಗೆ ಅದ್ರಿಂದ ಸೌಂಡ್ ಬರುತ್ತೆ ಅಷ್ಟೇ, ಏರು ಹತ್ತೋ ಪುಲ್ಲಿಂಗ್ ಬರಲ್ಲ. ಪೊಲೀಸ್ನೋರು ಬೇರೆ ಹಿಡೀತಾರೆ."

"ಸೌಂಡ್ ಬರ್ಲಿ ಬಿಡಪಾ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹೋಸು, ಫಿಲ್ಟರು, ಸಾಫ್ಟ್‌ವೇರು, ಇವೆಲ್ಲ ಬಾನೆಟ್ಟಿನ ಒಳಗೆ ಅಡಗಿರುವಂಥವು, ಫಕೀರೇಶನಿಗೆ ಕಾಣುವಂಥವಲ್ಲ. ಪೈಪು ಹಾಗಲ್ಲವಲ್ಲ, ಮೂರು ಬೀದಿಯಾಚೆಗೂ ಕೇಳುತ್ತದೆ. ನಮ್ಮ ಸಮಾಧಾನಿಯ ತಲೆಯೊಳಗೆ ಹೊಕ್ಕಿದ್ದ ಹುಳ ಅದು.

ಗಿರಿರಾಜ್ ರಿಪೇರಿಯನ್ನೂ ಮಾಡಿದ, ಪೈಪನ್ನೂ ಕೂರಿಸಿದ. ಪಿಕಪ್ಪು ಗುಡುಗತೊಡಗಿತು. ಏರು ಸಲೀಸಾಗಿ ಹತ್ತಿತು, ನಿಜ. ಹತ್ತಿಸಿದ್ದು ಹೊಸ ಹೋಸು, ಹೆಸರು ಬಂದದ್ದು ಪೈಪಿಗೆ. ಮೊದಲ ವಾರ ಅಕ್ಕವ್ವ ಗಂಡನ ಕಿವಿಯ ಹತ್ತಿರ ಬಾಗಿ ಕೂಗಿದಳು. ಅವನು ರಸ್ತೆ ನೋಡುತ್ತಲೇ "ಹೂಂ, ಹೂಂ" ಅಂದ. ಯಾರ್ಡಿನ ದರ, ಚಿಲ್ಲರೆಯ ಲೆಕ್ಕ, ಇಂಥವನ್ನು ಕೂಗಬಹುದು. ಮನಸ್ಸಿನ ಮಾತನ್ನು ಕೂಗಿ ಹೇಳಲು ಯಾರಿಗೆ ಬರುತ್ತದೆ? ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೂ ದುಂಡೇಶ ಆಕ್ಸಿಲರೇಟರ್ ಒತ್ತಿ ಒತ್ತಿ ಗುರುಗುಟ್ಟಿಸುತ್ತಿದ್ದ. ಬರಬರುತ್ತ ಅಕ್ಕವ್ವ ಸೆರಗನ್ನು ಕಿವಿಗೆ ಸುತ್ತಿಕೊಂಡು ಕಿಟಕಿಯಾಚೆ ನೋಡುತ್ತ ಕೂತಳು. ಅವಳಿಗೂ ನಿದ್ದೆ ಸಾಲದು ಪಾಪ, ಸುಮ್ಮನಿರಲಿ ಎಂದುಕೊಂಡ ಅವನು. ಎಂಥ ಪೆದ್ದ.

ಹೀಗೇ ಮಳೆಗಾಲ ಕಳೆಯಿತು, ದಸರೆಯೂ ಆಯಿತು. ಒಂದು ದಿನ ಅಕ್ಕವ್ವ ಜ್ವರವೆಂದು ಮಲಗಿದ್ದರಿಂದ ದುಂಡೇಶ ಒಬ್ಬನೇ ವ್ಯಾಪಾರಕ್ಕೆ ಹೋದ. ಚಂದ್ರಾ ಲೇಔಟಿನಲ್ಲಿ ದಾವಣಗೆರೆಯ ಕಡೆಯ ಕಲ್ಯಾಣಮ್ಮ ಈ ದಂಪತಿಯ ಹಳೆಯ ಗಿರಾಕಿ. ನಿವೃತ್ತ ಅಧಿಕಾರಿಯ ಹೆಂಡತಿ, ಅಕ್ಕವ್ವನನ್ನು ಕಂಡರೆ ಬಲು ಇಷ್ಟ. ಅವರ ಮನೆಯ ಹಿತ್ತಲಲ್ಲಿ ಎರಡು ಕೋಣೆಯ ಔಟ್‌ಹೌಸ್ ಒಂದಿತ್ತು. ವರ್ಷದಿಂದ ಖಾಲಿ ಬಿದ್ದಿದ್ದ ಅದರ ಮುಂದೆ ಆ ದಿನ ಬಟ್ಟೆ ಒಣಗುತ್ತಿತ್ತು. ಯಾರೋ ಹೊಸಬಳು ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು.

"ಬಾಡಿಗಿಗೆ ಕೊಟ್ರೇನ್ರಿ ಅಮ್ಮಾ?" ಎಂದ ದುಂಡೇಶ, ಈರುಳ್ಳಿ ಸುರಿಯುತ್ತ.

ಕಲ್ಯಾಣಮ್ಮನ ಮುಖ ಬಿಗಿಯಿತು. "ಇನ್ನೆಷ್ಟು ದಿನ ಕಾಯೋದಪ್ಪ? ನಿಮಗೇ ಅಂತ ಇಟ್ಕೊಂಡಿದ್ದೆ. ಬಾಡಿಗೆ ಕೊಟ್ಟಷ್ಟು ಕೊಡಿ, ನನಗೂ ವಯಸ್ಸಾಯ್ತು, ಮನೆ ಹಿಂದೆ ಗುರುತಿನೋರು ಇರಲಿ ಅಂತ ಅಕ್ಕವ್ವಂಗೆ ಎಷ್ಟು ಸಲ ಹೇಳಿದೆ. ಯಜಮಾನ್ರನ್ನ ಕೇಳಿ ಹೇಳ್ತೀನಿ ಅಂದ್ಲು. ಕೊನೆಗೆ ಬಂದು, ಅವರಿಗೆ ಮನಸ್ಸಿಲ್ಲಮ್ಮ, ಬೇರೆಯವರಿಗೆ ಕೊಟ್ಬಿಡಿ ಅಂದ್ಲು. ಕಣ್ಣಲ್ಲಿ ನೀರಿತ್ತು."

ದುಂಡೇಶನ ಕೈಯಲ್ಲಿದ್ದ ತಕ್ಕಡಿ ಹಾಗೇ ನಿಂತಿತು. ಅಕ್ಕವ್ವ ತನ್ನನ್ನು ಕೇಳಿದ್ದು ಯಾವಾಗ? ಗುಡುಗಿನ ನಡುವೆ ಬಾಗಿ ಬಾಗಿ ಏನೋ ಹೇಳುತ್ತಿದ್ದ ಅವಳ ಮುಖ, ಅದರತ್ತ ತಿರುಗದೆಯೇ ತಾನು ಹೂಂಗುಟ್ಟಿದ್ದು, ಒಂದೊಂದಾಗಿ ನೆನಪಿಗೆ ಬಂದವು.

ಮನೆಯಲ್ಲೇ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ಲಿಂಗಮ್ಮನ ಎದುರು ಬೇರೆ ಮನೆಯ ಮಾತೆತ್ತುವ ಸೊಸೆಗೆ ಮನೆಮುರುಕಿ ಎಂಬ ಬಿರುದು ಗಟ್ಟಿ. ಬೀದಿಯಲ್ಲಿ ಹೇಳೋಣವೆಂದರೆ ಸುತ್ತ ಗಿರಾಕಿಗಳು. ಗಂಡ ಹೂಂ ಅಂದು ಸುಮ್ಮನಾದದ್ದನ್ನು ಅವಳು, ತಾಯಿಯನ್ನು ಬಿಟ್ಟು ಬರಲು ಒಲ್ಲದವನ ಸುಮ್ಮನಿರುವಿಕೆ ಎಂದುಕೊಂಡಳು. ಹಟ ಮಾಡುವ ಜಾಯಮಾನ ಅವಳದಲ್ಲ.

ಉಳಿದ ಮಾಲನ್ನು ಮಾರದೆ ಅವನು ನೇರ ಕೆಂಗೇರಿಗೆ ಹೋದ. ಗಿರಿರಾಜ್ ಏನೂ ಕೇಳದೆ ಪೈಪು ಬಿಚ್ಚಿ ಹಳೆಯ ಸೈಲೆನ್ಸರನ್ನೇ ಕೂರಿಸಿಕೊಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಅಕ್ಕವ್ವನ ಜ್ವರ ಬಿಟ್ಟ ಮೇಲೆ ಇಬ್ಬರೂ ಎಂದಿನಂತೆ ಯಾರ್ಡಿಗೆ ಹೊರಟರು. ಎಂಜಿನ್ ಸದ್ದು ಹಿತವಾಗಿತ್ತು. ಅವಳು ಮಾತಾಡುತ್ತಾಳೇನೋ ಎಂದು ದುಂಡೇಶ ಕಾದ. ವಿಜಯನಗರ ದಾಟಿತು, ಮಾಗಡಿ ರೋಡು ದಾಟಿತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು.

"ಕಲ್ಯಾಣಮ್ಮಾರ ಮನಿ ವಿಷಯ ಗೊತ್ತಾತು," ಎಂದ ಅವನು. "ನೀ ಕೇಳಿದ್ದು ನನಗ ಕೇಳಿಸ್ಲೇ ಇಲ್ಲ, ಅಕ್ಕವ್ವ. ಆ ಪೈಪಿನ ಸಪ್ಪಳದಾಗ ಒಂದ್ ಮಾತೂ ಕೇಳಿಸ್ಲಿಲ್ಲ. ಕೇಳಿದ್ರ ನಾ ಒಲ್ಲೆ ಅಂತಿದ್ನೇನು? ಅವ್ವಗ ನಾನ ಹೇಳ್ತಿದ್ದೆ."

ಅಕ್ಕವ್ವನ ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಅವಳು ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವನಿಗೆ.

"ಮಾತು ಕೇಳಿಸಿರ್ಲಿಕ್ಕಿಲ್ಲ ಬಿಡ್ರಿ," ಎಂದಳು. "ಆದ್ರ ನಾ ಏನೋ ಹೇಳಾಕತ್ತೀನಿ ಅನ್ನೂದು ಕಾಣ್ತಿತ್ತಲ್ಲ? ಒಮ್ಮೆರ ಗಾಡಿ ಬಾಜೂಕ ಹಾಕಿ, ಏನಂದಿ ಅಂತ ಕೇಳ್ತಾರೇನೋ ಅಂತ ದಿನಾ ನೋಡಿದೆ."

ದುಂಡೇಶ ಗಾಡಿಯನ್ನು ರಸ್ತೆಯ ಪಕ್ಕಕ್ಕೆ ತಂದು ಎಂಜಿನ್ ಆರಿಸಿದ. ಹಿಂದಿನಿಂದ ಬಂದ ಬಸ್ಸೊಂದು ಹಾರನ್ ಹೊಡೆದು ಬಳಸಿಕೊಂಡು ಹೋಯಿತು. "ಈಗ ಹೇಳು," ಎಂದ.

ಅಕ್ಕವ್ವ ಅವನತ್ತ ತಿರುಗಿದಳು.

"ಈಗ ಹೇಳೂದೇನ್ ಉಳಿದೈತ್ರಿ? ಒಳ್ಳೆ ಮಾಲು ಹೋಗಿಬಿಡ್ತೈತಿ, ನಡೀರಿ."