ದಂಟಿನ ಕೋಳಿ

ಜೇವರ್ಗಿಯಿಂದ ಅಂದೋಲಾಕ್ಕೆ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗುಲಫಶಾ ಟೀಚರ್ ಒಂಬತ್ತು ವರ್ಷಗಳಿಂದ ಅತಿಥಿ ಶಿಕ್ಷಕಿ. ಪ್ರತಿ ಜೂನಿನಲ್ಲಿ ಹೊಸ ಆದೇಶ. ಯಾವ ಊರು ಎಂಬುದು ಅದು ಕೈಗೆ ಬಂದಾಗಲೇ ಗೊತ್ತು. ತಾಯಿ ಹಮೀದಾಬೇಗಂ ಹಿತ್ತಲಲ್ಲಿ ಕೋಳಿ ಸಾಕಿ, ಮೊಟ್ಟೆ ಮಾರಿ ಮಗಳಿಗೆ ಡಿ.ಎಡ್. ಓದಿಸಿದ್ದಳು. ಹಾಗಾಗಿ ಕೋಳಿ ಹೇಗೆ ಕತ್ತು ಚಾಚುತ್ತದೆ, ಹೇಗೆ ಕಾಲೆತ್ತಿ ಇಡುತ್ತದೆ ಎಂಬುದನ್ನು ಗುಲಫಶಾ ಕಣ್ಣು ಮುಚ್ಚಿ ಬಿಡಿಸಬಲ್ಲವಳಾಗಿದ್ದಳು.

ಆ ವರ್ಷ ಅಂದೋಲಾ ಶಾಲೆಯ ಒಂದನೇ ತರಗತಿಗೆ ಇಪ್ಪತ್ತೆರಡು ಮಕ್ಕಳು ಬಂದರು. ಅವರಲ್ಲಿ ಹದಿಮೂರು ಮಂದಿ ಪೆನ್ಸಿಲನ್ನು ಹಾರೆಯಂತೆ ಮುಷ್ಟಿಯಲ್ಲಿ ಹಿಡಿಯುತ್ತಿದ್ದರು. ‘ಅ’ ಬರೆಯಲು ಹೋದರೆ ಹಾಳೆಯೇ ಹರಿಯುತ್ತಿತ್ತು. ಮೊದಲು ಬೆರಳು ಪಳಗಲಿ, ಅಕ್ಷರ ಆಮೇಲೆ ಎಂದು ಅವಳು ನಿರ್ಧರಿಸಿದಳು.

ಎಲ್ಲ ಮಕ್ಕಳಿಗೂ ಗೊತ್ತಿದ್ದ ಪ್ರಾಣಿಯೆಂದರೆ ಕೋಳಿ. ಹಾಳೆಯ ಮೇಲೆ ಅಂಗೈ ಊರಿಸಿ ಸುತ್ತ ಗೆರೆ ಎಳೆಸಿದಳು. ಹೆಬ್ಬೆರಳು ಕೋಳಿಯ ತಲೆಯಾಯಿತು, ಉಳಿದ ನಾಲ್ಕು ಬೆರಳು ಪುಕ್ಕವಾದವು. ಹಳೆಯ ಲಗ್ನಪತ್ರಿಕೆಗಳನ್ನು ಚೂರುಚೂರು ಹರಿದು ರೆಕ್ಕೆಗೆ ಅಂಟಿಸಿದರು. ಬಳಿಕ ಬಿಸಿಯೂಟದ ಮೊಟ್ಟೆಯ ಸಿಪ್ಪೆಗಳನ್ನು ತೊಳೆದು ಒಣಗಿಸಿ, ಒಳಗೆ ಹತ್ತಿಯ ಮರಿ ಕೂರಿಸಿದರು. ಎರಡೇ ಬೆರಳಲ್ಲಿ ಹತ್ತಿ ಎಳೆಯುವ ಕೈಗಳನ್ನು ನೋಡಿ ಗುಲಫಶಾಗೆ ಸಮಾಧಾನವಾಯಿತು.

ಆ ಸಮಾಧಾನ ಒಂದು ರಾತ್ರಿಯೂ ಉಳಿಯಲಿಲ್ಲ. ಮಂಜರಿ ಎಂಬ ಹುಡುಗಿ ತನ್ನ ಮರಿಯನ್ನು ಮನೆಗೆ ಒಯ್ದು, ಅಕ್ಕರೆಯಿಂದ ದೇವರ ಜಗಲಿಯ ಮೇಲೆ ಇಟ್ಟಿದ್ದಳು. ಅವರದು ಮೊಟ್ಟೆ ಮುಟ್ಟದ ಮನೆ. ಮರುದಿನ ತಂದೆ ಸಂಗಯ್ಯ ಶಾಲೆಗೆ ಬಂದ. ಕೂಗಾಡಲಿಲ್ಲ, ಮಗಳನ್ನು ಇನ್ನು ಕಳಿಸುವುದಿಲ್ಲ ಎಂದಷ್ಟೇ ಹೇಳಿ ಹೋದ. ಹೆಡ್ ಮಾಸ್ತರ ಅರುಣಕುಮಾರ ಅವರು ಗುಲಫಶಾಳನ್ನು ಕರೆದು, ಈ ಕೋಳಿಯಾಟ ಸಾಕು, ನಾಳೆಯಿಂದ ಅಕ್ಷರ ತಿದ್ದಿಸಿ ಎಂದರು.

‘ಎರಡು ದಿನ ಕೊಡ್ರಿ ಸರ. ತತ್ತಿ ಬಿಡ್ತೇನಿ, ಕೋಳಿ ಬಿಡಂಗಿಲ್ಲ,’ ಎಂದಳು ಗುಲಫಶಾ.

ಅಂದು ಸಂಜೆಯ ಬಸ್ಸು ಬಿಟ್ಟು ಅವಳು ನೇರ ಸಂಗಯ್ಯನ ಮನೆಗೆ ನಡೆದಳು. ಬಾಗಿಲಲ್ಲೇ ನಿಂತು, ‘ನನ್ನ ತಪ್ಪು ಐತ್ರಿ. ಕೇಳಿ ಮಾಡಿಸಬೇಕಾಗಿತ್ತು, ಕೇಳ್ಲಿಲ್ಲ,’ ಎಂದಳು. ಆಮೇಲೆ ಮಂಜರಿಯ ನೋಟ್‌ಬುಕ್ಕು ತೆರೆದು, ಜೂನಿನ ಹರಿದ ಪುಟವನ್ನೂ, ಹಾಳೆ ಹರಿಯದಂತೆ ಗೆರೆ ಎಳೆದ ಆ ವಾರದ ಪುಟವನ್ನೂ ತೋರಿಸಿದಳು. ಸಂಗಯ್ಯ ಎರಡನ್ನೂ ಬಹಳ ಹೊತ್ತು ನೋಡಿದ. ಕೂಡ್ರಿ ಎಂದು ಚಾಪೆ ಹಾಸಿದ.

ಎಲ್ಲವನ್ನೂ ಕೇಳುತ್ತ ಕೂತಿದ್ದವಳು ಅವನ ತಾಯಿ ಗುರುಬಸಮ್ಮ. ‘ನಾವು ಸಣ್ಣವರಿದ್ದಾಗ ಜೋಳದ ದಂಟಿಲೆ ಎತ್ತು, ಗಾಡಿ ಮಾಡ್ತಿದ್ದಿವಿ. ದಂಟಿಲೆ ಎತ್ತು ಆಗ್ತದಂದ್ರ ಕೋಳಿ ಯಾಕ ಆಗಂಗಿಲ್ಲ?’ ಎಂದಳು.

ಬಣವೆಯಿಂದ ದಂಟು ಎಳೆದು ತಂದು, ಸಿಪ್ಪೆ ಸುಲಿದು, ಒಳಗಿನ ಮೆತ್ತನೆಯ ಬೆಂಡನ್ನು ಗೇಣುದ್ದ ಮುರಿದಳು. ಸಿಪ್ಪೆಯ ಸೀಳುಗಳನ್ನೇ ಕಾಲು, ಕತ್ತು ಎಂದು ಚುಚ್ಚಿದಳು. ಕೋಳಿ ಮುಗ್ಗರಿಸಿತು. ಗುಲಫಶಾ ಮಾಡಿದ್ದೂ ಬಿತ್ತು. ಪುಕ್ಕದ ಕಡೆ ಇನ್ನೆರಡು ಸೀಳು ಚುಚ್ಚಿ ಭಾರ ಹಿಂದಕ್ಕೆ ತಂದಾಗ ಅದು ನೆಟ್ಟಗೆ ನಿಂತಿತು. ಮಂಜರಿ ಚಪ್ಪಾಳೆ ತಟ್ಟಿದಳು. ಸಂಗಯ್ಯ ಮರುದಿನ ಮಗಳನ್ನೂ ಒಂದು ಹೊರೆ ದಂಟನ್ನೂ ಬೈಕಿನ ಮೇಲೆ ತಂದು ಶಾಲೆಯಲ್ಲಿ ಇಳಿಸಿದ.

ದಂಟಿನ ಸಿಪ್ಪೆ ಬ್ಲೇಡಿನ ಹಾಗೆ ಕೊಯ್ಯುತ್ತದೆ. ಅದಕ್ಕೆ ಗುಲಫಶಾ ದಂಟನ್ನು ಮನೆಗೆ ಒಯ್ದು ಸುಲಿದು, ಸೀಳುಗಳ ಅಂಚು ಹೆರೆದು ತರುತ್ತಿದ್ದಳು. ಕೊಯ್ದ ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡೇ ಬೋರ್ಡಿನ ಮೇಲೆ ಬರೆದಳು. ಮಕ್ಕಳು ಹುಂಜ ಮಾಡಿದರು, ಮರಿ ಮಾಡಿದರು, ತೊಗರಿಬೇಳೆಯ ಕಣ್ಣು ಅಂಟಿಸಿದರು. ಪ್ರತಿ ಕೋಳಿಯ ಕೆಳಗೆ ಅದರ ಹೆಸರು ಬರೆಯಬೇಕೆಂದು ಅವಳು ನಿಯಮ ಮಾಡಿದಳು. ಅಕ್ಷರ ಹಾಗೆ ಶುರುವಾಯಿತು.

ದಸರೆಯ ಹೊತ್ತಿಗೆ ಇಪ್ಪತ್ತೊಂದು ಮಕ್ಕಳು ಪೆನ್ಸಿಲನ್ನು ಮೂರು ಬೆರಳಲ್ಲಿ ಹಿಡಿದಿದ್ದರು. ಹೆಡ್ ಮಾಸ್ತರು ಪುಟಗಳನ್ನು ತಿರುವಿ ನೋಡಿ, ಕೋಳಿಯ ಮಾತು ಮತ್ತೆ ಎತ್ತಲಿಲ್ಲ. ಉಳಿದ ಒಬ್ಬಳು ಆಯೇಶಾ. ಅವಳ ಬೆರಳುಗಳು ಬೇಗ ದಣಿಯುತ್ತಿದ್ದವು. ಗುಲಫಶಾ ದಿನಾ ಊಟದ ನಂತರ ಅವಳ ಪಕ್ಕ ಕೂತು ಹತ್ತಿ ಎಳೆಸಿದಳು, ಬೆಂಡು ಮುರಿಸಿದಳು. ಫೆಬ್ರವರಿಯಲ್ಲಿ ಆಯೇಶಾ ತನ್ನ ಹೆಸರಿನ ಮೊದಲ ಅಕ್ಷರ ಬರೆದಳು. ಎರಡನೆಯದು ಇನ್ನೂ ಬರಲಿಲ್ಲ.

ಮುಂದಿನ ಜೂನಿನಲ್ಲಿ ಆದೇಶ ಕೊಳಕೂರಿನ ಶಾಲೆಗೆ ಬಂತು. ಅಲ್ಲಿಗೆ ಹಾಜರಾಗುವ ಮುನ್ನಾದಿನ ಗುಲಫಶಾ ಅಂದೋಲಾಕ್ಕೆ ಹೋಗಿ, ಎರಡನೇ ತರಗತಿಯ ಸುಲಭಾ ಟೀಚರ್ ಜೊತೆ ಒಂದು ತಾಸು ಕೂತಳು. ಆಯೇಶಾಳಿಗೆ ಯಾವ ಕೆಲಸ ಎಷ್ಟು ಹೊತ್ತು, ಎಲ್ಲಿ ನಿಲ್ಲಿಸಬೇಕು ಎಂಬುದನ್ನೆಲ್ಲ ಹೇಳಿ ಬರೆಸಿದಳು.

‘ಹುಡುಗಿ ಬರೀತಾಳ್ರಿ. ಕೈ ಮಾತ್ರ ಬಿಡಬ್ಯಾಡ್ರಿ,’ ಎಂದು ಎದ್ದಳು.